ಶಾಲು ಹಾರ ಬೇಡ ಅಂದ ಹೆಲ್ತ್ ಇನ್ಸ್‌ಪೆಕ್ಟರಿಗೆ ನಾವು ಥ್ಯಾಂಕ್ಸ್ ಹೇಳಿದ್ದು

ಮೊದಲೇ ಹೇಳಿಬಿಡ್ತೇನೆ, ಈ ಜನದ ಪರಿಚಯ ನಮಗಾದದ್ದೇ ದಂಡದ ರಶೀದಿಯಿಂದ. ಮಂಗಳೂರಿನ ಉರ್ವಸ್ಟೋರ್ ಹತ್ತಿರ ನಮ್ಮದು 32 ಫ್ಲ್ಯಾಟಿನ ಹಳೇ ಬಿಲ್ಡಿಂಗ್, ನಾನು ಅಸೋಸಿಯೇಷನ್ ಸೆಕ್ರೆಟರಿ, ಅಂದ್ರೆ ಮೀಟಿಂಗಿಗೆ ಲೇಟಾಗಿ ಹೋದವ. ಜೂನ್ ಕೊನೆಗೆ ಮಳೆ ಸ್ವಲ್ಪ ಬಿಟ್ಟ ದಿನ ಪಾಲಿಕೆಯ ಹೆಲ್ತ್ ಇನ್ಸ್‌ಪೆಕ್ಟರ್, ಮಲೇರಿಯಾ ಕೆಲಸಕ್ಕೆ ಮನೆ ಮನೆ ಸುತ್ತುವ ಇಬ್ಬರು ಆರೋಗ್ಯ ಕೆಲಸದ ಹುಡುಗರನ್ನ ಕರ್ಕೊಂಡು ಬಂದವರು ಸೀದಾ ಟೆರೇಸಿಗೇ ಹೋದ್ರು. ಟ್ಯಾಂಕಿನ ಮುಚ್ಚಳ ಒಡೆದು ಎಷ್ಟು ತಿಂಗಳಾಗಿತ್ತೋ ಏನೋ.

ನಾನು ಜಗಳಕ್ಕೇ ನಿಂತೆ. ಎದುರಿನ ಚರಂಡಿ ಗಬ್ಬು ನಾರ್ತದೆ ಅದನ್ನ ಬಿಟ್ಟು ನಮ್ಮ ಒಳ್ಳೆ ನೀರಿಗೆ ಎಂತ ಫೈನ್ ಮಾರಾಯ್ರೆ ಅಂತ. ಅವರು ಮಾತಾಡದೆ ಬಿಳಿ ಸೌಟಲ್ಲಿ ನೀರು ಎತ್ತಿ ನನ್ನ ಮೂಗಿನ ಹತ್ರ ಹಿಡಿದ್ರು, ಹುಡುಗ ಟಾರ್ಚ್ ಬಿಟ್ಟ. ನೂಲಿನ ತುಂಡಿನ ಹಾಗೆ ನಾಲ್ಕೈದು ಹುಳ, ನೀರಿನ ಮೇಲ್ಮೈಗೆ ಅಂಟಿಕೊಂಡು ಅಡ್ಡ ಮಲಗಿದ್ದವು. "ತಲೆ ಕೆಳಗೆ ಮಾಡಿ ನೇತಾಡಿದ್ರೆ ಅದು ಕ್ಯೂಲೆಕ್ಸ್ ಸೊಳ್ಳೆಯ ಮರಿ, ನಿಮ್ಮ ಚರಂಡಿದ್ದು. ಅಡ್ಡ ಮಲಗಿದ್ರೆ ಅನಾಫಿಲಿಸ್, ಮಲೇರಿಯಾದ್ದು, ಅದಕ್ಕೆ ಒಳ್ಳೆ ನೀರೇ ಬೇಕು" ಅಂದ್ರು. ಮೊಟ್ಟೆಯಿಂದ ಸೊಳ್ಳೆ ಆಗ್ಲಿಕ್ಕೆ ಹೆಚ್ಚುಕಮ್ಮಿ ಒಂದು ವಾರ ಹತ್ತು ದಿನ ಅಂತೆ, ವಾರಕ್ಕೊಮ್ಮೆ ನೀರು ಖಾಲಿ ಮಾಡಿ ಒಣಗಿಸಿ ಅಂತ ಹೇಳುದು ಅದಕ್ಕೇ. ಇಷ್ಟು ವರ್ಷ ಮಂಗಳೂರಲ್ಲಿದ್ದು, ಮನೆಯಲ್ಲಿ ಮೂವರಿಗೆ ಮಲೇರಿಯಾ ಬಂದು ಹೋಗಿದ್ದೂ, ನಂಗೆ ಇದು ಗೊತ್ತಿರಲಿಲ್ಲ. ಫೈನ್ ಕಟ್ಟಿದೆ.

ಆಮೇಲೆ ಆಗಸ್ಟಲ್ಲಿ ಪಕ್ಕದ ಸೈಟಿನದ್ದು ಶುರುವಾಯ್ತು. ಬೇಸ್‌ಮೆಂಟಿಗೆ ಗುಂಡಿ ತೋಡಿ ಕೆಲಸ ನಿಲ್ಲಿಸಿದ್ರು, ಮಳೆಗೆ ಅದು ಕೆರೆಯೇ ಆಯ್ತು. ಕಂಪ್ಲೇಂಟ್ ಕೊಟ್ಟ ಮಾರನೇ ದಿನ ಇವರು ಬಂದ್ರು, ನೋಟಿಸ್ ಆಯ್ತು, ಮತ್ತೆ ಬಂದ್ರು, ಮೂರನೇ ಸಲ ಒಂದು ಆದಿತ್ಯವಾರ ಕೊಡೆ ಹಿಡ್ಕೊಂಡು ಗುಂಡಿಯ ಅಂಚಲ್ಲಿ ನಿಂತು ಪಂಪ್ ಬರುವವರೆಗೆ ಕದಲಲಿಲ್ಲ. ಮಧ್ಯೆ ಯಾರದ್ದೋ ಫೋನ್ ಬಂತು, ಗಟ್ಟಿ ಸ್ವರ ನಮಗೂ ಕೇಳ್ತಿತ್ತು, ಇವರು ಮಾತ್ರ "ಆಯ್ತು ಸರ್, ನೀರು ಖಾಲಿಯಾದ್ಮೇಲೆ ಹೋಗ್ತೇನೆ" ಅಂತ ಅದನ್ನೇ ಎರಡು ಸಲ ಹೇಳಿ ಇಟ್ರು.

ಇವರಿಗೆ ಸನ್ಮಾನ ಮಾಡುವ ಅಂತ ಕಮಿಟಿಯಲ್ಲಿ ಮಾತು ಬಂತು. ನಮ್ಮೂರಲ್ಲಿ ಸನ್ಮಾನ ಅಂದ್ರೆ ಗೊತ್ತುಂಟಲ್ಲ, ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಗಣೇಶೋತ್ಸವದ ಸ್ಟೇಜಲ್ಲಿ ಭಾಷಣ ಮುಗಿಯುವವರೆಗೆ ಕೂತಿರುದು. ಅವರಿಗೆ ಹೇಳಿದ್ರೆ ಕೈಮುಗಿದ್ರು. ಸರ್ಕಾರಿ ನೌಕರರ ನಡತೆ ನಿಯಮದಲ್ಲಿ ಪರ್ಮಿಷನ್ ಇಲ್ದೆ ಸನ್ಮಾನ ಎಲ್ಲ ತಗೊಳ್ಳುವ ಹಾಗಿಲ್ಲ, ಮತ್ತೆ ನಾಳೆ ನಿಮ್ಮಲ್ಲೇ ಫೈನ್ ಹಾಕ್ಬೇಕಾದ್ರೆ ನಂಗೆ ಕಷ್ಟ ಅಂದ್ರು. ಎರಡನೇ ಮಾತು ನಂಗೆ ನಾಟಿತು.

ಹಾಗಾಗಿ ಕಮಿಷನರಿಗೆ ಒಂದು ಪತ್ರ ಬರೆಯುದು ಅಂತಾಯ್ತು, ಆರೋಗ್ಯಾಧಿಕಾರಿಗೆ ಒಂದು ಕಾಪಿ. ಮೊದಲ ಡ್ರಾಫ್ಟ್ ನಾನೇ ಬರೆದದ್ದು, ದಕ್ಷ, ಕರ್ತವ್ಯನಿಷ್ಠ, ಜನಸ್ನೇಹಿ, ಓದಿದ್ರೆ ಬೀಳ್ಕೊಡುಗೆಯ ಬಿನ್ನವತ್ತಳೆ ಹಾಗಿತ್ತು. ಹರಿದು ಬಿಸಾಡಿದೆ. ಎರಡನೇದ್ರಲ್ಲಿ ಬರೀ ತಾರೀಕು: ಯಾವತ್ತು ಕಂಪ್ಲೇಂಟ್, ಯಾವತ್ತು ಬಂದ್ರು, ಗುಂಡಿ ಎಷ್ಟು ಗಂಟೆಗೆ ಖಾಲಿಯಾಯ್ತು, ಮುಂಚೆ-ಆಮೇಲೆ ಎರಡು ಫೋಟೋ. ನಮಗೆ ಫೈನ್ ಹಾಕಿದ್ದನ್ನೂ ಬರೆದೆವು, ಯಾಕಂದ್ರೆ ಅದಿಲ್ಲದಿದ್ರೆ ಇದು ಪರಿಚಯದವರು ಬರೆಸಿಕೊಂಡದ್ದು ಅಂತ ಕಾಣ್ತದೆ. ಟ್ಯಾಂಕ್ ಹತ್ತಿದ ಎರಡು ಹುಡುಗರ ಹೆಸರೂ ಹಾಕಿದೆವು. ಪೌರಕಾರ್ಮಿಕರಿಗೆ ಸೆಪ್ಟೆಂಬರ್ 23 ಅಂತ ಒಂದು ದಿನವಾದ್ರೂ ಉಂಟು, ಈ ಸೌಟು ಹಿಡಿದು ಮನೆ ಮನೆ ಸುತ್ತುವವರಿಗೆ ನಾವು ಕೊಡುದು "ಈಗ ಟೈಮಿಲ್ಲ, ನಾಳೆ ಬನ್ನಿ" ಅಷ್ಟೇ.

ಒಂದು ತಿಂಗಳು ಪತ್ರ ಕೊಡದೆ ಇಟ್ಟೆವು. ನಮ್ಮದೊಂದು ಫೈಲ್ ಪಾಲಿಕೆಯಲ್ಲಿತ್ತು, ಆಗ ಹೊಗಳಿದ್ರೆ ಅದು ಬೆಣ್ಣೆ ಹಚ್ಚುದು ಅಂತ ಆಗ್ತದಲ್ಲ. ಅದು ಮುಗಿದ ಮೇಲೆ ಸೈನ್ ಹಾಕಿಸ್ಲಿಕ್ಕೆ ಹೊರಟೆ. 32ರಲ್ಲಿ 26 ಮನೆ ಹಾಕಿದ್ರು, ಒಬ್ಬರು "ಸಂಬಳ ಕೊಡುದಿಲ್ವಾ ಅವರಿಗೆ" ಅಂತ ಬಾಗಿಲು ಹಾಕಿದ್ರು, ಹಾಗಾದ್ರೆ ಹೊಗಳ್ಲಿಕ್ಕೆ ಜನ ಸಂಬಳ ಇಲ್ಲದವರೇ ಆಗ್ಬೇಕಾ ಅಂತ ಲಿಫ್ಟಲ್ಲಿ ನನ್ನಷ್ಟಕ್ಕೇ ಕೇಳ್ಕೊಂಡೆ. ಲಾಲ್‌ಬಾಗಿನ ಪಾಲಿಕೆ ಆಫೀಸಲ್ಲಿ ಟಪಾಲಿಗೆ ಕೊಟ್ಟು ಇನ್‌ವರ್ಡ್ ನಂಬರ್ ಹಾಕಿಸ್ಕೊಂಡೆ. ನಂಬರ್ ಇಲ್ಲದ ಕಾಗದ ಎಲ್ಲಿಗೆ ಹೋಗ್ತದೆ ಅಂತ ಕಚೇರಿ ಸುತ್ತಿದವರಿಗೆ ಗೊತ್ತು. ಅಲ್ಲಿ ಕೂತವರು "ಕಂಪ್ಲೇಂಟಾ?" ಕೇಳಿದ್ರು, ಅಲ್ಲ ಅಂದ್ರೆ ಒಮ್ಮೆ ಮುಖ ನೋಡಿ ಪತ್ರ ಪೂರ್ತಿ ಓದಿದ್ರು.

ಇನ್ಸ್‌ಪೆಕ್ಟರಿಗೊಂದು ಜೆರಾಕ್ಸ್ ಕೊಟ್ಟೆ. ನಿಂತಲ್ಲೇ ಓದಿದ್ರು, ಹುಡುಗರ ಹೆಸರು ಇದ್ದಲ್ಲಿ ಬೆರಳಿಟ್ಟು ಇಬ್ಬರನ್ನೂ ಕರೆದು ತೋರಿಸಿದ್ರು, ಮಡಚಿ ಚಲನ್ ಪುಸ್ತಕದ ಒಳಗೆ ಇಟ್ರು.

"ಟ್ಯಾಂಕಿಗೆ ನೆಟ್ ಹಾಕಿದ್ರಾ?"

ಹಾಕಿದ್ದೆವು. ಹುಡುಗ ಹತ್ತಿ ನೋಡಿ ಸರಿ ಉಂಟು ಅಂದ. ಇಳಿಯುವಾಗ ನಮ್ಮದೇ ಮನೆಗೆ ಹೊಕ್ಕು, ಬಾಲ್ಕನಿಯಲ್ಲಿ ನನ್ನ ಹೆಂಡ್ತಿಯ ಮನಿಪ್ಲಾಂಟ್ ಬಾಟ್ಲಿಗೆ ಟಾರ್ಚ್ ಬಿಟ್ಟು ನನ್ನನ್ನ ಕರೆದ.