ಟರ್ಮಿನಲ್‌ನಲ್ಲಿ ಕನ್ನಡ ಮೇಲ್: ಆಲ್ಪೈನ್ ಹೊಂದಿಸಿ ಬಳಸುವ ಬಗೆ

ಗದಗ-ಬೆಟಗೇರಿಯ ಡಿಟಿಪಿ ಅಂಗಡಿಯ ಹಳೆಯ ಕಂಪ್ಯೂಟರ್ ಇರಲಿ, ಬ್ಯಾಡಗಿಯ ದಲಾಲಿ ಅಂಗಡಿಯ ಮೂಲೆಯಲ್ಲಿರುವ ಲ್ಯಾಪ್‌ಟಾಪ್ ಇರಲಿ, ರ‍್ಯಾಮ್ ಒಂದೆರಡು ಜಿಬಿ ಮಾತ್ರ ಇದ್ದರೆ ಬ್ರೌಸರ್‌ನಲ್ಲಿ ಮೇಲ್ ತೆರೆಯುವಷ್ಟರಲ್ಲೇ ಅದು ಸುಸ್ತಾಗುತ್ತದೆ. ಆಲ್ಪೈನ್ ಎಂಬುದು ಟರ್ಮಿನಲ್‌ನಲ್ಲಿ, ಎಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ನಡೆಯುವ ಮೇಲ್ ತಂತ್ರಾಂಶ. ಅದೇ ಯಂತ್ರದಲ್ಲಿ ಅದು ತಕ್ಷಣ ತೆರೆದುಕೊಳ್ಳುತ್ತದೆ. ಅದು ಅಕ್ಷರ ಮಾತ್ರ ತೋರಿಸುತ್ತದೆ, ಚಿತ್ರಗಳನ್ನು ತಾನಾಗಿ ಇಳಿಸಿಕೊಳ್ಳುವುದಿಲ್ಲ. ಹಾಗಾಗಿ ಡೇಟಾ ಉಳಿಯುತ್ತದೆ, ನೀವು ಮೇಲ್ ತೆರೆದಿರೆಂದು ಕಳಿಸಿದವರಿಗೆ ತಿಳಿಸಲು ಜಾಹೀರಾತು ಮೇಲ್‌ಗಳಲ್ಲಿ ಅಡಗಿಸಿಟ್ಟ ಪತ್ತೆ-ಚಿತ್ರಗಳೂ ಕೆಲಸ ಮಾಡುವುದಿಲ್ಲ.

ಇದರ ಮೂಲ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1989ರಲ್ಲಿ ಶುರುವಾದ ಪೈನ್. ಅದನ್ನು ಯೂನಿಕೋಡ್‌ಗೆ ಹೊಂದುವಂತೆ ತಿದ್ದಿ ಕಟ್ಟಿದ ಆಲ್ಪೈನ್ 2007ರಲ್ಲಿ ಬಂತು. ಕನ್ನಡದವರಿಗೆ ಮುಖ್ಯವಾದದ್ದು ಇದೇ ಬದಲಾವಣೆ. ಮಟ್ ಎಂಬ ಇನ್ನೊಂದು ಒಳ್ಳೆಯ ಕ್ಲೈಂಟ್ ಇದೆ, ಆದರೆ ಅದರ ಸೆಟ್ಟಿಂಗ್ ಫೈಲನ್ನು ಕೈಯಾರೆ ಬರೆಯಬೇಕು. ಆಲ್ಪೈನ್‌ನಲ್ಲಿ ಎಲ್ಲವೂ ಮೆನುವಿನಲ್ಲೇ ಇದೆ, ಯಾವ ಕೀಲಿ ಏನು ಮಾಡುತ್ತದೆ ಎಂಬುದು ಪರದೆಯ ಕೆಳಗಿನ ಎರಡು ಸಾಲುಗಳಲ್ಲಿ ಸದಾ ಕಾಣುತ್ತದೆ. ಮೊದಲ ಸಲ ಟರ್ಮಿನಲ್‌ಗೆ ಬರುವವರಿಗೆ ಆಲ್ಪೈನೇ ಸರಿ.

ಒಂದು ಸೂಚನೆ: ಇಲ್ಲಿ ಕೀಲಿ, ಆಜ್ಞೆ, ಸರ್ವರ್ ವಿಳಾಸಗಳನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆದಿದೆ. ಟೈಪ್ ಮಾಡುವಾಗ ಅವೆಲ್ಲ ಇಂಗ್ಲಿಷ್ ಅಕ್ಷರಗಳು. ವಿಳಾಸದ ನಡುವೆ ಎಲ್ಲೂ ಖಾಲಿ ಜಾಗ ಬಿಡಬಾರದು.

ಮೊದಲು ಪಾಸ್‌ವರ್ಡ್

ಹೆಚ್ಚಿನವರು ಎಡವುವುದು ಇಲ್ಲೇ. ಜಿಮೇಲ್‌ನ ಮಾಮೂಲಿ ಪಾಸ್‌ವರ್ಡ್ ಆಲ್ಪೈನ್‌ನಲ್ಲಿ ನಡೆಯುವುದಿಲ್ಲ. ಸ್ವಂತ ಖಾತೆಗಳಿಗೆ ಆ ದಾರಿಯನ್ನು ಗೂಗಲ್ 2022ರ ಮೇ ಕೊನೆಯಲ್ಲಿ ಮುಚ್ಚಿತು. ಈಗ ಬೇಕಿರುವುದು ಆ್ಯಪ್ ಪಾಸ್‌ವರ್ಡ್, ಎಂದರೆ ಒಂದು ತಂತ್ರಾಂಶಕ್ಕೆಂದೇ ಗೂಗಲ್ ಮಾಡಿಕೊಡುವ ಬೇರೆ ಪಾಸ್‌ವರ್ಡ್. ಗೂಗಲ್ ಖಾತೆಯ ಭದ್ರತೆ ಪುಟಕ್ಕೆ ಹೋಗಿ ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿ. ಅದು ಚಾಲೂ ಆಗದೆ ಆ್ಯಪ್ ಪಾಸ್‌ವರ್ಡ್ ಮಾಡಲು ಬರುವುದಿಲ್ಲ. ಆಮೇಲೆ ಅದೇ ಖಾತೆಯ ಪುಟದಲ್ಲಿ ಆ್ಯಪ್ ಪಾಸ್‌ವರ್ಡ್ಸ್ ಎಂದು ಹುಡುಕಿ, ‘ಆಲ್ಪೈನ್’ ಎಂದು ಹೆಸರು ಕೊಟ್ಟು ಹೊಸದೊಂದನ್ನು ಮಾಡಿ. ನಾಲ್ಕು-ನಾಲ್ಕು ಅಕ್ಷರಗಳ ನಾಲ್ಕು ಗುಂಪಾಗಿ 16 ಅಕ್ಷರ ತೋರಿಸುತ್ತದೆ. ನಡುವಿನ ಖಾಲಿ ಜಾಗ ಓದಲು ಅನುಕೂಲವಾಗಲೆಂದು ಮಾತ್ರ ಇರುವುದು, ಟೈಪ್ ಮಾಡುವಾಗ ಬಿಟ್ಟುಬಿಡಿ. ಆ ಕಿಟಕಿ ಮುಚ್ಚಿದ ಮೇಲೆ ಈ ಪಾಸ್‌ವರ್ಡ್ ಮತ್ತೆ ಕಾಣುವುದಿಲ್ಲ.

ಮುಂದೆ ಯಾವಾಗಲಾದರೂ ಗೂಗಲ್ ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಿಸಿದರೆ ಆ್ಯಪ್ ಪಾಸ್‌ವರ್ಡ್ ರದ್ದಾಗುತ್ತದೆ. ನಿನ್ನೆಯವರೆಗೆ ಸರಿಯಿದ್ದ ಆಲ್ಪೈನ್ ಇವತ್ತು ಲಾಗಿನ್ ಆಗುತ್ತಿಲ್ಲವೆಂದರೆ ಮೊದಲು ಇದನ್ನೇ ನೋಡಿ.

ಮೈಕ್ರೋಸಾಫ್ಟ್ ಖಾತೆ ಇದ್ದವರಿಗೆ ಈ ದಾರಿ ಇಲ್ಲ. ಕಾಲೇಜು, ಕಚೇರಿಗಳ ಖಾತೆಗಳಲ್ಲಿಯೂ ಎಷ್ಟೋ ಕಡೆ ಇರುವುದಿಲ್ಲ. ಅಂಥಲ್ಲಿ ಓಆತ್2 ಬೇಕು, ಎಂದರೆ ಪಾಸ್‌ವರ್ಡ್ ಬದಲು ಬ್ರೌಸರ್‌ನಲ್ಲಿ ಒಪ್ಪಿಗೆ ಕೊಟ್ಟು ಲಾಗಿನ್ ಆಗುವ ದಾರಿ. ಆಲ್ಪೈನ್ 2.24ರಿಂದ ಈಚೆಗೆ ಅದಕ್ಕೆ ಬೆಂಬಲವಿದೆ, ಆದರೆ ಕಾಲೇಜು, ಕಚೇರಿಯ ಖಾತೆಗಳಲ್ಲಿ ಆಡಳಿತಗಾರರ ಒಪ್ಪಿಗೆಯಿಲ್ಲದೆ ಅದು ಸಾಮಾನ್ಯವಾಗಿ ಮುಂದೆ ಹೋಗುವುದಿಲ್ಲ. ಮೊದಲು ಅವರನ್ನು ಕೇಳಿ.

ಹಾಕಿಕೊಂಡು ಹೊಂದಿಸುವುದು

ಉಬುಂಟು, ಡೆಬಿಯನ್ ಎಂಬ ಲಿನಕ್ಸ್‌ಗಳಲ್ಲಿ ‘ಸುಡೊ ಆಪ್ಟ್ ಇನ್‌ಸ್ಟಾಲ್ ಆಲ್ಪೈನ್’ ಕೊಟ್ಟರೆ ಮುಗಿಯಿತು. ನಂತರ ‘ಆಲ್ಪೈನ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಮೊದಲ ಸಲದ ಸ್ವಾಗತದ ಪುಟ ದಾಟಿದ ಮೇಲೆ ಮುಖ್ಯ ಮೆನು ಬರುತ್ತದೆ. ಅಲ್ಲಿ ‘ಎಸ್’, ಆಮೇಲೆ ‘ಸಿ’ ಒತ್ತಿದರೆ ಸೆಟ್ಟಿಂಗ್‌ಗಳ ಉದ್ದನೆಯ ಪಟ್ಟಿ ತೆರೆಯುತ್ತದೆ. ಯಾವುದೇ ಸಾಲಿನ ಮೇಲೆ ನಿಂತು ‘ಸಿ’ ಒತ್ತಿ ಅಲ್ಲಿರುವುದನ್ನು ಬದಲಿಸಬಹುದು. ಚೌಕದ ಗುರುತು ಇರುವ ಕಡೆ ‘ಎಕ್ಸ್’ ಒತ್ತಬೇಕು. ಪಟ್ಟಿ ಹತ್ತಾರು ಪುಟ ಇರುವುದರಿಂದ ಕಣ್ಣಿನಿಂದ ಹುಡುಕಬೇಡಿ, ‘ಡಬ್ಲ್ಯೂ’ ಒತ್ತಿ ಬೇಕಾದ ಪದ ಕೊಡಿ.

ಪರ್ಸನಲ್ ನೇಮ್ ಎಂಬಲ್ಲಿ ನಿಮ್ಮ ಹೆಸರು, ಯೂಸರ್ ಡೊಮೈನ್ ಎಂಬಲ್ಲಿ ಜಿಮೇಲ್.ಕಾಮ್. ಎಸ್‌ಎಂಟಿಪಿ ಸರ್ವರ್ (ಮೇಲ್ ಕಳಿಸುವ ಸರ್ವರ್) ಎಂಬಲ್ಲಿ ಹೀಗೆ:

ಎಸ್‌ಎಂಟಿಪಿ.ಜಿಮೇಲ್.ಕಾಮ್:587/ಟಿಎಲ್‌ಎಸ್/ಯೂಸರ್=ನಿಮ್ಮಹೆಸರು@ಜಿಮೇಲ್.ಕಾಮ್

ಇನ್‌ಬಾಕ್ಸ್ ಪಾತ್ ಮೇಲೆ ‘ಸಿ’ ಒತ್ತಿದಾಗ ಎರಡು ಪ್ರಶ್ನೆ ಬರುತ್ತವೆ. ಮೊದಲನೆಯದು ಮೇಲ್ ತರುವ ಸರ್ವರ್ (ಐಮ್ಯಾಪ್) ಯಾವುದೆಂದು:

ಐಮ್ಯಾಪ್.ಜಿಮೇಲ್.ಕಾಮ್/ಎಸ್‌ಎಸ್‌ಎಲ್/ಯೂಸರ್=ನಿಮ್ಮಹೆಸರು@ಜಿಮೇಲ್.ಕಾಮ್

ಎರಡನೆಯದು ಫೋಲ್ಡರ್ ಯಾವುದೆಂದು. ಅದಕ್ಕೆ ಇನ್‌ಬಾಕ್ಸ್ ಎಂದು ಕೊಡಿ. ಎಸ್‌ಎಸ್‌ಎಲ್ ಎಂದು ಬರೆದರೆ 993ನೇ ಪೋರ್ಟ್ ತಾನಾಗಿ ಹಿಡಿಯುತ್ತದೆ. ಕಳಿಸುವ ಕಡೆ ಮಾತ್ರ 587 ಎಂದು ಸ್ಪಷ್ಟವಾಗಿ ಬರೆಯಿರಿ, ಏಕೆಂದರೆ ಹಳೆಯ ಕಾಲದ 25ನೇ ಪೋರ್ಟನ್ನು ಮನೆ-ಅಂಗಡಿಯ ಇಂಟರ್ನೆಟ್ ಸಂಪರ್ಕಗಳಲ್ಲಿ ಸಾಮಾನ್ಯವಾಗಿ ತಡೆದಿರುತ್ತಾರೆ.

ಈಗ ಎರಡು ಸಣ್ಣ ಆದರೆ ಬಿಡಬಾರದ ಸೆಟ್ಟಿಂಗ್. ಡಿಫಾಲ್ಟ್ ಎಫ್‌ಸಿಸಿ ಎಂಬುದು ಕಳಿಸಿದ ಮೇಲ್‌ನ ಪ್ರತಿ ಎಲ್ಲಿ ಉಳಿಯಬೇಕು ಎಂದು ಹೇಳುತ್ತದೆ. ಜಿಮೇಲ್ ಸರ್ವರ್ ತಾನೇ ಒಂದು ಪ್ರತಿ ಇಟ್ಟುಕೊಳ್ಳುತ್ತದೆ, ಆಲ್ಪೈನೂ ಇನ್ನೊಂದು ಇಡುವುದು ಬೇಡ. ಅಲ್ಲಿ ಎರಡು ಉದ್ಧರಣ ಚಿಹ್ನೆಗಳನ್ನು ("") ಮಾತ್ರ ಹಾಕಿ. ಇನ್ನೊಂದು ವಿಳಾಸದ್ದು. ಲಿನಕ್ಸ್‌ನಲ್ಲಿ ನಿಮ್ಮ ಲಾಗಿನ್ ಹೆಸರು ‘ಅಂಗಡಿ’ ಎಂದಿದ್ದರೆ, ಆಲ್ಪೈನ್ ಅದನ್ನೇ ಹಿಡಿದು ಅಂಗಡಿ@ಜಿಮೇಲ್.ಕಾಮ್ ಎಂದು ಬೇರೆ ಯಾರದೋ ವಿಳಾಸವನ್ನು ಕಳಿಸುವವರ ಜಾಗದಲ್ಲಿ ಕೂರಿಸುತ್ತದೆ. ಕಸ್ಟಮೈಸ್ಡ್ ಹೆಡರ್ಸ್ ಎಂಬಲ್ಲಿ ‘ಫ್ರಮ್:’ ಎಂದು ಬರೆದು ಮುಂದೆ ನಿಮ್ಮ ಹೆಸರು, ಕೋನ ಆವರಣದೊಳಗೆ ಪೂರ್ತಿ ವಿಳಾಸ ಕೊಟ್ಟರೆ ಈ ಗೊಂದಲ ಇಲ್ಲ.

‘ಇ’ ಒತ್ತಿ ಹೊರಬನ್ನಿ, ಉಳಿಸಬೇಕೆ ಎಂದಾಗ ‘ವೈ’. ಆಲ್ಪೈನ್ ಮುಚ್ಚಿ ಮತ್ತೆ ತೆರೆಯಿರಿ. ಪಾಸ್‌ವರ್ಡ್ ಕೇಳಿದಾಗ ಆ 16 ಅಕ್ಷರ ಕೊಡಿ. ಅಂಟಿಸಬೇಕಾದರೆ ಬಹುತೇಕ ಟರ್ಮಿನಲ್‌ಗಳಲ್ಲಿ ಕಂಟ್ರೋಲ್-ಶಿಫ್ಟ್-ವಿ.

ಜಿಮೇಲ್‌ನ ಉಳಿದ ಲೇಬಲ್‌ಗಳೂ ಕಾಣಬೇಕಾದರೆ ಮುಖ್ಯ ಮೆನುವಿನಿಂದ ‘ಎಸ್’, ‘ಎಲ್’, ಆಮೇಲೆ ‘ಎ’ ಒತ್ತಿ. ಸರ್ವರ್ ಸಾಲಿನಲ್ಲಿ ಮೇಲಿನ ಐಮ್ಯಾಪ್ ವಿಳಾಸವನ್ನೇ ಕೊಟ್ಟು, ಪಾತ್ ಖಾಲಿ ಬಿಟ್ಟು ಕಂಟ್ರೋಲ್-ಎಕ್ಸ್ ಒತ್ತಿದರೆ ಸಾಕು.

ಕನ್ನಡ ಕಾಣುವುದು, ಕನ್ನಡ ಬರೆಯುವುದು

ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ತಪ್ಪು ಇರುವುದು ಲೊಕೇಲ್‌ನಲ್ಲಿ, ಎಂದರೆ ಯಂತ್ರದ ಭಾಷೆ-ಅಕ್ಷರಗಳ ಸೆಟ್ಟಿಂಗ್‌ನಲ್ಲಿ. ಟರ್ಮಿನಲ್‌ನಲ್ಲಿ ‘ಲೊಕೇಲ್’ ಎಂದು ಕೊಟ್ಟು ನೋಡಿ, ಉತ್ತರದಲ್ಲಿ ಯುಟಿಎಫ್-8 ಇರಬೇಕು. ಧಾರವಾಡದ ಕಾಲೇಜಿನ ಲ್ಯಾಬ್ ಸರ್ವರ್‌ಗೆ ಎಸ್‌ಎಸ್‌ಎಚ್ (ದೂರದ ಯಂತ್ರವನ್ನು ಟರ್ಮಿನಲ್‌ನಿಂದ ಬಳಸುವ ದಾರಿ) ಮೂಲಕ ಹೊಕ್ಕಾಗ ಇದು ಹೆಚ್ಚು ತಪ್ಪುತ್ತದೆ, ಏಕೆಂದರೆ ನಿಮ್ಮ ಯಂತ್ರದ ಲೊಕೇಲ್ ಆ ಸರ್ವರ್‌ನಲ್ಲಿ ಇಲ್ಲದಿರಬಹುದು. ‘ಎಕ್ಸ್‌ಪೋರ್ಟ್ ಲ್ಯಾಂಗ್=ಸಿ.ಯುಟಿಎಫ್-8’ ಎಂದು ಕೊಟ್ಟು ಆಲ್ಪೈನ್ ತೆರೆದರೆ ಸರಿಯಾಗುತ್ತದೆ. ಇದರಲ್ಲಿ ‘ಲ್ಯಾಂಗ್’ ಮತ್ತು ‘ಸಿ’ ದೊಡ್ಡ ಅಕ್ಷರಗಳಲ್ಲಿ ಇರಬೇಕು. ಚೌಕದ ಡಬ್ಬಿಗಳು ಕಂಡರೆ ಫಾಂಟ್ ಇಲ್ಲವೆಂದರ್ಥ. ನೋಟೋ ಸ್ಯಾನ್ಸ್ ಕನ್ನಡ, ಗುಬ್ಬಿ, ಲೋಹಿತ್ ಕನ್ನಡ, ಯಾವುದಾದರೂ ಒಂದು ಹಾಕಿಕೊಳ್ಳಿ. ಎಸ್‌ಎಸ್‌ಎಚ್‌ನಲ್ಲಿದ್ದರೆ ಫಾಂಟ್ ಬೇಕಾದದ್ದು ನಿಮ್ಮ ಮುಂದಿರುವ ಯಂತ್ರದಲ್ಲಿ, ಸರ್ವರ್‌ನಲ್ಲಿ ಅಲ್ಲ.

ಫಾಂಟ್ ಇದ್ದೂ ಒತ್ತಕ್ಷರ ಬಿಡಿಬಿಡಿಯಾಗಿ, ಸಾಲು ವಕ್ರವಾಗಿ ಕಾಣುವುದು ಬೇರೆ ಸಮಸ್ಯೆ. ಟರ್ಮಿನಲ್ ಎಂದರೆ ಸಮ ಅಗಲದ ಮನೆಗಳ ಹಲಗೆ ಇದ್ದಂತೆ. ಗುಡಿಸು, ಹಲಂತಗಳಿಗೆ ಅದು ಸೊನ್ನೆ ಮನೆ ಲೆಕ್ಕ ಹಿಡಿಯುತ್ತದೆ, ದೀರ್ಘ ಮತ್ತು ಕೊಂಬಿಗೆ ಒಂದು ಮನೆ. ಫಾಂಟು ಆ ಲೆಕ್ಕಕ್ಕೆ ತಲೆಬಾಗುವುದಿಲ್ಲ. ಕೆಡುವುದು ತೋರಿಕೆ ಮಾತ್ರ, ಮೇಲ್ ಅಲ್ಲ: ಆಚೆ ಕಡೆಯವರಿಗೆ ‘ಕ್ಷೇತ್ರ’ ಎಂದು ಬರೆದದ್ದು ‘ಕ್ಷೇತ್ರ’ ಆಗಿಯೇ ಮುಟ್ಟುತ್ತದೆ. ಕನ್ಸೋಲ್ ಅಥವಾ ಎಂಎಲ್‌ಟರ್ಮ್ ಎಂಬ ಟರ್ಮಿನಲ್ ಬಳಸಿದರೆ ಕನ್ನಡ ಎಷ್ಟೋ ಚೆನ್ನಾಗಿ ಕೂಡಿಕೊಳ್ಳುತ್ತದೆ. ಪರದೆ ಕಲಸಿಹೋದಾಗ ಕಂಟ್ರೋಲ್-ಎಲ್ ಒತ್ತಿದರೆ ಹೊಸದಾಗಿ ಬರೆದುಕೊಳ್ಳುತ್ತದೆ.

ಎರಡು ಸಾಲಿನ ಉತ್ತರವನ್ನು ಆಲ್ಪೈನ್‌ನೊಳಗೇ ಕನ್ನಡದಲ್ಲಿ ಬರೆಯಬಹುದು. ಉದ್ದನೆಯ ಪತ್ರಕ್ಕೆ ಮಾತ್ರ ಹೊರಗಿನ ಎಡಿಟರ್ ಜೋಡಿಸಿಕೊಳ್ಳುವುದೇ ಲೇಸು. ಸೆಟ್ಟಿಂಗ್‌ನಲ್ಲಿ ಎಡಿಟರ್ ಎಂಬಲ್ಲಿ ‘ಜಿಎಡಿಟ್ --ವೇಟ್’ ಎಂದು ಕೊಟ್ಟು, ಎನೇಬಲ್ ಆಲ್ಟರ್ನೇಟ್ ಎಡಿಟರ್ ಕಮಾಂಡ್ ಎಂಬುದಕ್ಕೆ ಗುರುತು ಹಾಕಿ. ಮೇಲ್ ಬರೆಯುವಾಗ ಕರ್ಸರ್ ಮುಖ್ಯ ಬರಹದಲ್ಲಿದ್ದಾಗ ಕಂಟ್ರೋಲ್ ಮತ್ತು ಅಡಿಗೆರೆ (_) ಒತ್ತಿದರೆ ಜಿಎಡಿಟ್ ತೆರೆಯುತ್ತದೆ. ಬರೆದು, ಉಳಿಸಿ, ಮುಚ್ಚಿದರೆ ಬರಹ ಆಲ್ಪೈನ್‌ಗೆ ಬಂದು ಕೂರುತ್ತದೆ. ಆ ‘ವೇಟ್’ ಮರೆತರೆ ಮತ್ತು ಜಿಎಡಿಟ್ ಮೊದಲೇ ಬೇರೆ ಕಡತದೊಂದಿಗೆ ತೆರೆದಿದ್ದರೆ, ಎಡಿಟರ್ ಕೆಲಸ ಮುಗಿಸಿತು ಎಂದು ಆಲ್ಪೈನ್ ತಿಳಿದು ಖಾಲಿ ಬರಹವನ್ನೇ ತೆಗೆದುಕೊಳ್ಳುತ್ತದೆ.

ಕನ್ನಡ ಕೀಲಿಮಣೆಯಲ್ಲಿ ಇದ್ದುಕೊಂಡೇ ‘ಆರ್’ ಒತ್ತಿ ಉತ್ತರದ ಪುಟ ಏಕೆ ಬರಲಿಲ್ಲ ಎಂದು ಕಾಯುವವರು ಬಹಳ. ಆಲ್ಪೈನ್‌ನ ಆಜ್ಞೆಗಳಿಗೆ ಇಂಗ್ಲಿಷ್ ಅಕ್ಷರವೇ ಬೇಕು. ಕೀಲಿಮಣೆಯ ಭಾಷೆ ಬದಲಿಸುವ ಐಬಸ್‌ನಲ್ಲಿ ಸೂಪರ್ (ವಿಂಡೋಸ್ ಗುರುತಿನ ಕೀಲಿ) ಮತ್ತು ಸ್ಪೇಸ್ ಒತ್ತಿ ಇಂಗ್ಲಿಷ್‌ಗೆ ಮರಳುವ ಅಭ್ಯಾಸ ಬೆರಳಿಗೆ ಆಗಬೇಕು.

ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಆಸ್ಕಿ ಫಾಂಟ್‌ನಲ್ಲಿ ಬರೆದ ಬರಹವನ್ನು ಮೇಲ್‌ಗೆ ಅಂಟಿಸಿ ಕಳಿಸುವುದು ಮುದ್ರಣಾಲಯಗಳ ಸುತ್ತಮುತ್ತ ಇಂದಿಗೂ ನಡೆದಿದೆ. ಅಂಥ ಮೇಲ್ ಆಲ್ಪೈನ್‌ನಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು-ಟೋಪಿ ಇಟ್ಟ ಹಾಗೆ ಕಾಣುತ್ತದೆ. ಅದು ನಿಮ್ಮ ಸೆಟ್ಟಿಂಗ್‌ನ ದೋಷವಲ್ಲ. ಆ ಬರಹ ಇರುವುದೇ ಇಂಗ್ಲಿಷ್ ಸಂಕೇತಗಳಲ್ಲಿ, ಕನ್ನಡದ ರೂಪ ಇದ್ದದ್ದು ಫಾಂಟ್‌ನಲ್ಲಿ, ಬರಿಯ ಅಕ್ಷರದ ಮೇಲ್ ಫಾಂಟ್ ಹೊತ್ತು ತರುವುದಿಲ್ಲ. ‘ಇ’ ಒತ್ತಿ ಮೇಲನ್ನು ಕಡತವಾಗಿ ಉಳಿಸಿ, ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶಕ್ಕೆ ಕೊಡಿ. ಪುಟ ವಿನ್ಯಾಸಕ್ಕೆ ನುಡಿಯ ಕಡತವೇ ಬೇಕಾದರೆ ಅದು ಅಟ್ಯಾಚ್‌ಮೆಂಟ್ ಆಗಿ ಬರಲಿ.

ದಿನದ ಬಳಕೆ

‘ಐ’ ಒತ್ತಿದರೆ ಮೇಲ್‌ಗಳ ಪಟ್ಟಿ, ‘ಸಿ’ ಹೊಸ ಮೇಲ್, ‘ಆರ್’ ಉತ್ತರ, ‘ಎಫ್’ ಮುಂದಕ್ಕೆ ಕಳಿಸಲು, ಟ್ಯಾಬ್ ಒತ್ತಿದರೆ ಓದದ ಮುಂದಿನ ಮೇಲ್. ಕಳಿಸಲು ಕಂಟ್ರೋಲ್-ಎಕ್ಸ್, ಅರ್ಧಕ್ಕೆ ಇಟ್ಟು ಆಮೇಲೆ ಮುಗಿಸಲು ಕಂಟ್ರೋಲ್-ಓ. ಹೊಸ ಮೇಲ್ ಬಂದಿದೆಯೇ ಎಂದು ಆಲ್ಪೈನ್ 150 ಸೆಕೆಂಡಿಗೊಮ್ಮೆ ತಾನೇ ನೋಡುತ್ತದೆ.

ಕಡತ ಸೇರಿಸುವ ಕೀಲಿ ಕಂಟ್ರೋಲ್-ಜೆ, ಆದರೆ ಆಗ ಕರ್ಸರ್ ಮೇಲಿನ ವಿಳಾಸ-ವಿಷಯದ ಸಾಲುಗಳಲ್ಲಿ ಇರಬೇಕು. ಕರ್ಸರ್ ಕೆಳಗಿನ ಬರಹದಲ್ಲಿದ್ದರೆ ಅದೇ ಕೀಲಿ ಪ್ಯಾರಾದ ಸಾಲುಗಳನ್ನು ಒಟ್ಟುಗೂಡಿಸುತ್ತದೆ. ಮೆಣಸಿನಕಾಯಿಯ ದರಪಟ್ಟಿಯನ್ನು ಸಾಲುಸಾಲಾಗಿ ಬರೆದು ಈ ತಪ್ಪು ಮಾಡಿದರೆ ಕಡ್ಡಿ, ಡಬ್ಬಿ, ಗುಂಟೂರು ಎಲ್ಲ ಒಂದೇ ಪ್ಯಾರಾ ಆಗಿಬಿಡುತ್ತವೆ. ತಕ್ಷಣ ಕಂಟ್ರೋಲ್-ಯು ಒತ್ತಿದರೆ ಮೊದಲಿನಂತಾಗುತ್ತದೆ. ಜಿಮೇಲ್‌ನ ಮಿತಿ 25 ಎಂಬಿ, ಆದರೆ ಮೇಲ್‌ನಲ್ಲಿ ಹೋಗುವಾಗ ಕಡತ ಸುಮಾರು ಮೂರನೇ ಒಂದು ಪಾಲು ಹಿಗ್ಗುತ್ತದೆ. ಪುಸ್ತಕದ ಪಿಡಿಎಫ್ 18 ಎಂಬಿ ದಾಟಿದರೆ ಮೇಲ್‌ನಲ್ಲಿ ಕಳಿಸುವ ಪ್ರಯತ್ನ ಬೇಡ.

ಟೆಂಡರ್ ಮುಗಿದ ಸಂಜೆ ಅದೇ ದರಪಟ್ಟಿಯನ್ನು 40 ಜನ ಖರೀದಿದಾರರಿಗೆ ಕಳಿಸುವುದಿದ್ದರೆ ಮುಖ್ಯ ಮೆನುವಿನ ‘ಎ’ ಒತ್ತಿ ವಿಳಾಸ ಪುಸ್ತಕ ತೆರೆದು, ‘@’ ಒತ್ತಿ ಒಂದು ಗುಂಪು ಮಾಡಿ. ನಿಕ್‌ನೇಮ್ ಸಾಲಿನಲ್ಲಿ ಇಂಗ್ಲಿಷ್‌ನ ಚಿಕ್ಕ ಪದ, ಅಡ್ರೆಸಸ್ ಸಾಲಿನಲ್ಲಿ ಎಲ್ಲ ವಿಳಾಸ ಅಲ್ಪವಿರಾಮ ಹಾಕಿ. ಕಳಿಸುವಾಗ ಆ ಪದವನ್ನು ‘ಟು’ ಸಾಲಿನಲ್ಲಿ ಬರೆದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಬಯಲಾಗುತ್ತದೆ. ಮೇಲಿನ ಸಾಲುಗಳಲ್ಲಿ ಕಂಟ್ರೋಲ್-ಆರ್ ಒತ್ತಿದರೆ ಬಿಸಿಸಿ ಸಾಲು ಕಾಣುತ್ತದೆ, ಅಲ್ಲಿ ಬರೆಯಿರಿ.

ಅಳಿಸುವುದರಲ್ಲಿ ಒಂದು ಸೂಕ್ಷ್ಮ ಇದೆ. ‘ಡಿ’ ಒತ್ತಿದರೆ ಗುರುತು ಮಾತ್ರ ಬೀಳುತ್ತದೆ, ‘ಯು’ ಒತ್ತಿ ಹಿಂದೆ ತೆಗೆಯಬಹುದು. ‘ಎಕ್ಸ್’ ಒತ್ತಿದಾಗ ಪಟ್ಟಿಯಿಂದ ಹೋಗುತ್ತದೆ. ಆದರೆ ಜಿಮೇಲ್‌ನ ಮೂಲ ಸೆಟ್ಟಿಂಗ್ ಪ್ರಕಾರ ಅದು ಇನ್‌ಬಾಕ್ಸ್‌ನಿಂದ ಮಾತ್ರ ಹೋಗಿದೆ, ಆಲ್ ಮೇಲ್‌ನಲ್ಲಿ ಹಾಗೇ ಇದೆ. 15 ಜಿಬಿ ತುಂಬುತ್ತ ಬಂದು ನಿಜವಾಗಿ ಜಾಗ ಮಾಡಬೇಕೆಂದರೆ ‘ಎಸ್’ ಒತ್ತಿ ಆ ಮೇಲ್‌ಗಳನ್ನು ಜಿಮೇಲ್‌ನ ಟ್ರ್ಯಾಶ್ ಫೋಲ್ಡರ್‌ಗೆ ಹಾಕಿ. 30 ದಿನದ ಮೇಲೆ ಅವು ಅಳಿಯುತ್ತವೆ.

ಬರೆಯುತ್ತಿರುವಾಗ ಎಸ್‌ಎಸ್‌ಎಚ್ ಸಂಪರ್ಕ ಕಡಿದರೆ ಆಲ್ಪೈನ್ ಅರ್ಧ ಬರೆದ ಮೇಲನ್ನು ಉಳಿಸಲು ನೋಡುತ್ತದೆ. ಮುಂದಿನ ಸಲ ‘ಸಿ’ ಒತ್ತಿದಾಗ ಮುಂದುವರಿಸಬೇಕೆ ಎಂದು ಕೇಳುತ್ತದೆ. ಮೇಜಿನ ಕಂಪ್ಯೂಟರ್‌ನ ಕರೆಂಟ್ ಫಟ್ಟನೆ ಹೋದರೆ ಆ ಅವಕಾಶವೂ ಇಲ್ಲ. ಯುಪಿಎಸ್ ಇಲ್ಲದ ಕಡೆ ನಡುನಡುವೆ ಕಂಟ್ರೋಲ್-ಓ ಒತ್ತಿ ಇಡಿ. ಸರ್ವರ್‌ನಲ್ಲಿ ಟಿಮಕ್ಸ್ (ಸಂಪರ್ಕ ಹೋದರೂ ಟರ್ಮಿನಲ್ ಅನ್ನು ಚಾಲೂ ಇಡುವ ತಂತ್ರಾಂಶ) ಒಳಗೆ ಆಲ್ಪೈನ್ ತೆರೆದಿದ್ದರೆ ಸಂಪರ್ಕ ಕಡಿದರೂ ಬಿಟ್ಟ ಸಾಲಿಗೇ ಬಂದು ನಿಲ್ಲಬಹುದು.

ಸರ್ಟಿಫಿಕೇಟ್ ಸರಿಯಿಲ್ಲ ಎಂಬ ದೂರು ಹಳೆಯ ಯಂತ್ರಗಳಲ್ಲಿ ಬಂದರೆ ಮೊದಲು ಗಡಿಯಾರ ನೋಡಿ. ಮದರ್‌ಬೋರ್ಡ್‌ನ ಗುಂಡಿ ಬ್ಯಾಟರಿ ಸತ್ತರೆ ಯಂತ್ರದ ದಿನಾಂಕ ವರ್ಷಗಟ್ಟಲೆ ಹಿಂದೆ ಹೋಗುತ್ತದೆ, ಆಗ ಸರ್ವರ್‌ನ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೆ ಬಂದಿಲ್ಲ ಎಂದು ಆಲ್ಪೈನ್ ನಿರಾಕರಿಸುತ್ತದೆ. ವಿಳಾಸಕ್ಕೆ ‘ನೋವ್ಯಾಲಿಡೇಟ್-ಸರ್ಟ್’ ಸೇರಿಸಿದರೆ ದೂರು ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಹಾಗೆ ಮಾಡಿದರೆ ಆ ಕಡೆ ಇರುವುದು ನಿಜವಾದ ಸರ್ವರೋ ನಡುವೆ ಕುಳಿತ ಕಳ್ಳನೋ ಎಂದು ಪರೀಕ್ಷಿಸುವುದೇ ನಿಂತುಹೋಗುತ್ತದೆ. ಬ್ಯಾಟರಿ ಬದಲಿಸಿ, ದಿನಾಂಕ ಸರಿ ಮಾಡಿ.

ಎಲ್ಲ ಸೆಟ್ಟಿಂಗ್ ಇರುವುದು ನಿಮ್ಮ ಹೋಮ್ ಫೋಲ್ಡರ್‌ನ ‘.ಪೈನ್‌ಆರ್‌ಸಿ’ ಎಂಬ ಅಡಗಿದ ಕಡತದಲ್ಲಿ. ಎಲ್ಲ ಹೊಂದಿದ ದಿನವೇ ಅದರ ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿಡಿ. ಹೊಸ ಯಂತ್ರಕ್ಕೆ ಅದನ್ನು ನಕಲು ಮಾಡಿದರೆ ಮತ್ತೆ ಮೊದಲಿನಿಂದ ಹೊಂದಿಸಬೇಕಿಲ್ಲ. ಹಳೆಯ ಯಂತ್ರವನ್ನು ಮಾರುವ ಮುನ್ನ ಅಲ್ಲಿನ ಆ ಕಡತವನ್ನು ಅಳಿಸಿ, ಗೂಗಲ್ ಖಾತೆಯ ಪುಟದಲ್ಲಿ ‘ಆಲ್ಪೈನ್’ ಎಂಬ ಆ್ಯಪ್ ಪಾಸ್‌ವರ್ಡನ್ನೂ ತೆಗೆದುಹಾಕಿ.