ಬ್ಯಾಟರಿಯೂ ಸರಿ, ಆಲ್ಟರ್ನೇಟರೂ ಸರಿ: ಚಾರ್ಜಿಂಗ್ ದೋಷವೊಂದನ್ನು ಹುಡುಕಿದ ನನ್ನ ಅನುಭವ

ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟದ ಮೇಲೆ ದಿನವೂ ಬಾಡಿಗೆಗೆ ಓಡುವ ಹಳೆಯ ಡೀಸೆಲ್ ಗಾಡಿಯೊಂದು ಕಳೆದ ವರ್ಷ ಮಘಾ ಮಳೆಯ ಹೊತ್ತಿಗೆ ನನ್ನ ಗ್ಯಾರೇಜಿಗೆ ಬಂತು. ಅದರ ಮಾಲೀಕರು ಅಷ್ಟರಲ್ಲೇ ಒಂದಾದ ಮೇಲೊಂದರಂತೆ ಎರಡು ಹೊಸ ಬ್ಯಾಟರಿಗಳಿಗೆ ಸುಮಾರು 13,000 ರೂಪಾಯಿ, ರೀಕಂಡೀಶನ್ ಮಾಡಿದ ಆಲ್ಟರ್ನೇಟರಿಗೆ (ಇಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ತುಂಬುವ ಯಂತ್ರ) 9,000 ರೂಪಾಯಿ ಖರ್ಚು ಮಾಡಿದ್ದರು. ಆದರೂ ನಾಲ್ಕೈದು ದಿನಕ್ಕೊಮ್ಮೆ ಬೆಳಗ್ಗೆ ಸೆಲ್ಫ್ ಎಳೆಯುತ್ತಿರಲಿಲ್ಲ. ಜಂಪ್ ಕೊಟ್ಟೋ, ನಾಲ್ಕು ಜನ ತಳ್ಳಿಯೋ ಹೊರಡಿಸಬೇಕಾಗುತ್ತಿತ್ತು. ಮೊದಲ ಬ್ಯಾಟರಿಗೆ ವಾರಂಟಿ ಕೇಳಲು ಹೋದಾಗ, ಗಾಡಿಯ ದೋಷದಿಂದ ಖಾಲಿಯಾದ ಬ್ಯಾಟರಿಗೆ ವಾರಂಟಿ ಬರುವುದಿಲ್ಲ ಎಂಬ ಉತ್ತರ ಸಿಕ್ಕಿತ್ತು.

ನನಗಿಂತ ಮೊದಲು ನೋಡಿದವರು ಅಳತೆ ಮಾಡದೆ ಬಿಟ್ಟವರಲ್ಲ. ಇಂಜಿನ್ ಚಾಲೂ ಮಾಡಿ ಬ್ಯಾಟರಿಗೆ ಮೀಟರ್ ಹಿಡಿದಾಗ 14 ವೋಲ್ಟ್ ಬರುತ್ತಿತ್ತು, ಬೆಲ್ಟ್ ಬಿಗಿಯಾಗಿತ್ತು, ಚಾರ್ಜಿಂಗ್ ಲೈಟ್ ಸರಿಯಾಗಿ ಆರುತ್ತಿತ್ತು. ಆದ್ದರಿಂದ ಮಳೆಗಾಲದ ಲೋಡಿಗೆ (ಲೈಟ್, ವೈಪರ್ ಮುಂತಾದವು ಎಳೆಯುವ ಕರೆಂಟಿಗೆ) ಈ ಬ್ಯಾಟರಿ ಸಾಲದು, ಇನ್ನೂ ದೊಡ್ಡದನ್ನು ಹಾಕಿ ಎಂಬ ಸಲಹೆ ಕೊಟ್ಟಿದ್ದರು. ಬ್ಯಾಟರಿ, ಆಲ್ಟರ್ನೇಟರ್ ಎರಡರಲ್ಲೂ ದೋಷವಿಲ್ಲ, ದೋಷ ಇವುಗಳ ನಡುವೆ ಇದೆ ಎಂದು ಕೊನೆಗೆ ನಾನು ಹೇಳಿದಾಗ ನಮ್ಮೂರಿನ ಇಬ್ಬರು ಅನುಭವಿ ಎಲೆಕ್ಟ್ರಿಶಿಯನ್ನರು ಒಪ್ಪಲಿಲ್ಲ. ಇಂಜಿನ್ನನ್ನು ಚಾಸಿಗೆ ಜೋಡಿಸುವ ಅರ್ಥ್ ಪಟ್ಟಿಗೆ ಮೀಟರ್ ಹಿಡಿದರೆ, ಸಂಪರ್ಕ ಇದೆ ಎಂದು ತಿಳಿಸುವ ಬಝರ್ ಚೆನ್ನಾಗಿ ಕೂಗುತ್ತದೆ, ಇನ್ನೇನು ಬೇಕು ಎಂಬುದು ಅವರ ವಾದವಾಗಿತ್ತು.

ನಾನೂ ಮೊದಲ ಪೆಟ್ಟಿಗೇ ಸರಿಯಾದ ಜಾಗಕ್ಕೆ ಹೋಗಲಿಲ್ಲ. ಈ ಗಾಡಿಗಳಲ್ಲಿ ಬ್ರೇಕಿನ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಇರುವುದರಿಂದ, ಅದರ ಸೀಲ್ ಹೋದರೆ ಇಂಜಿನ್ ಆಯಿಲ್ ಒಳಗೆ ಇಳಿದು ಕಾರ್ಬನ್ ಬ್ರಷ್ಷನ್ನು ಹಾಳುಮಾಡುವುದು ನಮಗೆಲ್ಲ ಗೊತ್ತಿರುವ ವಿಷಯ. ಬಿಚ್ಚಿ ನೋಡಿದೆ, ಬ್ರಷ್ಷಿನ ಮೇಲೆ ಎಣ್ಣೆಯ ಜಿಡ್ಡು ನಿಜವಾಗಿಯೂ ಇತ್ತು. ಸೀಲ್, ಬ್ರಷ್ ಬದಲಿಸಿ, ಸ್ಲಿಪ್ ರಿಂಗ್ ಒರೆಸಿ ಸುಮಾರು 900 ರೂಪಾಯಿ ತೆಗೆದುಕೊಂಡು ಗಾಡಿ ಕಳುಹಿಸಿದೆ. ಆರನೆಯ ದಿನ ಅದೇ ದೂರಿನೊಂದಿಗೆ ಅದು ಮರಳಿ ಬಂತು. ಆ 900 ರೂಪಾಯಿಯನ್ನು ಅಂತಿಮ ಬಿಲ್ಲಿನಲ್ಲಿ ಮುರಿದುಕೊಂಡೆ, ಏಕೆಂದರೆ ಒಂದು ದೋಷ ಕಣ್ಣಿಗೆ ಬಿದ್ದ ಕೂಡಲೇ ಹುಡುಕಾಟ ನಿಲ್ಲಿಸಿದ್ದು ನನ್ನದೇ ತಪ್ಪು.

ಸುಳಿವು ಸಿಕ್ಕಿದ್ದು ಮಾತಿನ ನಡುವೆ. ಎರಡು ತಿಂಗಳಲ್ಲಿ ಎರಡು ಸಲ ಆಕ್ಸಿಲರೇಟರ್ ಕೇಬಲ್ ಜಾಮ್ ಆಗಿ ಬದಲಿಸಬೇಕಾಯಿತು ಎಂದು ಚಾಲಕರು ಹೇಳಿದಾಗ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದೆ. ಇಂಜಿನ್ ರಬ್ಬರ್ ಮೌಂಟಿಂಗಿನ ಮೇಲೆ ಕೂತಿರುವುದರಿಂದ, ಬ್ಯಾಟರಿಯ ಮೈನಸ್ ಸೇರಿರುವ ಚಾಸಿಗೆ ಅದರ ವಿದ್ಯುತ್ ಸಂಪರ್ಕ ಇರುವುದು ಅರ್ಥ್ ಪಟ್ಟಿಯ ಮೂಲಕ ಮಾತ್ರ. ಅಲ್ಲಿ ತಡೆ ಬಂದರೆ ಕರೆಂಟು ಸಿಕ್ಕಿದ ದಾರಿ ಹಿಡಿಯುತ್ತದೆ, ಮತ್ತು ಆ ದಾರಿ ಅನೇಕ ಸಲ ಆಕ್ಸಿಲರೇಟರ್ ಕೇಬಲ್ಲಿನ ಉಕ್ಕಿನ ತಂತಿಯಾಗಿರುತ್ತದೆ. ತಂತಿ ಕಾಯುತ್ತದೆ, ಒಳಗಿನ ಪ್ಲಾಸ್ಟಿಕ್ ಕರಗಿ ಹಿಡಿದುಕೊಳ್ಳುತ್ತದೆ. ಸೆಲ್ಫ್ ಹೊಡೆಯಲು ಹೇಳಿ ಕೇಬಲ್ ಮುಟ್ಟಿ ನೋಡಿದೆ. ಮೂರನೆಯ ಸಲಕ್ಕೆ ಅದು ಬೆಚ್ಚಗಾಯಿತು.

ಅನಂತರ ಮಾಡಿದ್ದು ಪೂರ್ತಿ ಲೋಡಿನಲ್ಲಿ ವೋಲ್ಟೇಜ್ ಎಲ್ಲಿ ಇಳಿಯುತ್ತದೆ ಎಂಬ ಅಳತೆ. ಹೆಡ್‌ಲೈಟ್ ಹೈ ಬೀಮ್, ವೈಪರ್, ಬ್ಲೋವರ್, ಎ.ಸಿ. ಎಲ್ಲವನ್ನೂ ಹಾಕಿ, ಇಂಜಿನ್ನನ್ನು 1,500 ಆರ್‌ಪಿಎಂ ಆಸುಪಾಸಿನಲ್ಲಿ ನಿಲ್ಲಿಸಿದಾಗ ಕ್ಲ್ಯಾಂಪ್ ಮೀಟರ್ 60 ಆಂಪಿಯರ್ ಹತ್ತಿರ ತೋರಿಸುತ್ತಿತ್ತು. ಆಲ್ಟರ್ನೇಟರಿನಿಂದ ಕರೆಂಟು ಹೊರಬರುವ ಬಿ ಪ್ಲಸ್ ಬೋಲ್ಟಿಗೂ ಅದರದೇ ಬಾಡಿಗೂ ನಡುವೆ 14.1 ವೋಲ್ಟ್ ಇತ್ತು. ಬ್ಯಾಟರಿಯ ಎರಡು ಕಂಬಗಳ ನಡುವೆ 12.8 ಮಾತ್ರ. ನಡುವಿನ 1.3 ವೋಲ್ಟ್ ಎಲ್ಲಿ ಹೋಯಿತೆಂದು ಎರಡು ಅಳತೆಗಳಲ್ಲಿ ತಿಳಿಯಿತು. ಬಿ ಪ್ಲಸ್‌ನಿಂದ ಬ್ಯಾಟರಿಯ ಪ್ಲಸ್ ಕಂಬಕ್ಕೆ ಮೀಟರ್ ಹಿಡಿದರೆ 0.35 ಬಂತು, ಆಲ್ಟರ್ನೇಟರ್ ಬಾಡಿಯಿಂದ ಮೈನಸ್ ಕಂಬಕ್ಕೆ ಹಿಡಿದರೆ 0.95 ಬಂತು. ಅರ್ಥ್ ಬದಿಯಲ್ಲಿ 0.2 ದಾಟಿದರೆ ನಾನು ಬಿಡುವುದಿಲ್ಲ, ಇದು ಅದರ ಐದು ಪಟ್ಟಿನ ಹತ್ತಿರ ಇತ್ತು. ಮೀಟರಿನ ವೈರಿನ ಮೊನೆಯನ್ನು ಬ್ಯಾಟರಿ ಕೇಬಲ್ಲಿನ ಕ್ಲ್ಯಾಂಪಿನ ಮೇಲೆ ಇಡದೆ ಸೀಸದ ಕಂಬದ ಮೇಲೆಯೇ ಒತ್ತಬೇಕು, ಇಲ್ಲವಾದರೆ ಕ್ಲ್ಯಾಂಪಿನ ಅಡಿಯ ತುಕ್ಕು ಲೆಕ್ಕದಿಂದ ತಪ್ಪಿಸಿಕೊಳ್ಳುತ್ತದೆ.

ಬಝರ್ ಏಕೆ ಮೋಸ ಮಾಡಿತೆಂಬುದು ಲೆಕ್ಕ ಹಾಕಿದರೆ ಸ್ಪಷ್ಟವಾಗುತ್ತದೆ. 60 ಆಂಪಿಯರಿಗೆ 0.95 ವೋಲ್ಟ್ ಎಂದರೆ ತಡೆ ಸುಮಾರು 0.016 ಓಮ್, ನಮ್ಮ ಕೈಯ ಮೀಟರಿನ ವೈರುಗಳ ತಡೆಯೇ ಅದಕ್ಕಿಂತ ಹೆಚ್ಚು. ಲೋಡ್ ಇಲ್ಲದೆ 8–10 ಆಂಪಿಯರ್ ಹರಿಯುವಾಗ ಈ ಇಳಿಕೆ 0.15 ಆಸುಪಾಸಿನಲ್ಲಿ ನಿಲ್ಲುತ್ತದೆ, ಹಾಗಾಗಿ ಹಗಲು ಗ್ಯಾರೇಜಿನ ನೆರಳಿನಲ್ಲಿ ಎಲ್ಲರಿಗೂ 14 ಕಂಡಿತು. ಈ ಗಾಡಿಯ ರೆಗ್ಯುಲೇಟರ್, ನಾವು ಕಟೌಟ್ ಎನ್ನುವುದು, ಆಲ್ಟರ್ನೇಟರಿನ ಒಳಗೇ ಕೂತು ತನ್ನ ಟರ್ಮಿನಲ್ಲಿನ ವೋಲ್ಟೇಜನ್ನಷ್ಟೇ ನೋಡುತ್ತದೆ. ಬ್ಯಾಟರಿಗೆ ಎಷ್ಟು ತಲುಪುತ್ತಿದೆ ಎಂಬುದು ಅದಕ್ಕೆ ತಿಳಿಯುವುದೇ ಇಲ್ಲ.

ಒಪ್ಪದವರ ಮುಂದೆ ಸೆಲ್ಫ್ ಹೊಡೆಸಿಯೂ ತೋರಿಸಿದೆ. ಸೆಲ್ಫ್ ಎಳೆಯುವಾಗ ಬ್ಯಾಟರಿಯ ಕಂಬಗಳಲ್ಲಿ 10.6 ಇತ್ತು, ಇಂಜಿನ್ ಬ್ಲಾಕಿಗೂ ಮೈನಸ್ ಕಂಬಕ್ಕೂ ನಡುವೆ 2.8 ಇತ್ತು. 9.6ಕ್ಕಿಂತ ಕೆಳಗಿಳಿಯದ ಬ್ಯಾಟರಿಯನ್ನು ದುರ್ಬಲ ಎನ್ನಲಾಗದು. ಸೆಲ್ಫ್ ಮೋಟಾರಿಗೆ ಮಾತ್ರ 8 ವೋಲ್ಟ್ ಕೂಡ ಸಿಗುತ್ತಿರಲಿಲ್ಲ. ಒಂದೇ ದೋಷ ರಾತ್ರಿಯ ಲೋಡಿನಲ್ಲಿ ಓಡುವಾಗ ಬ್ಯಾಟರಿ ತುಂಬಲು ಬಿಡದೆ, ಬೆಳಗ್ಗೆ ಇದ್ದ ಚಾರ್ಜನ್ನೂ ಸೆಲ್ಫಿಗೆ ಮುಟ್ಟಿಸದೆ ಇತ್ತು.

ಮೂಲ ಕಾರಣ ಮೇ ತಿಂಗಳದ್ದು. ಕರಾವಳಿಯ ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದೆಂದು ಮಳೆಗೆ ಮೊದಲು ಚಾಸಿಗೆ ಕಪ್ಪು ಅಂಡರ್‌ಕೋಟಿಂಗ್ ಮಾಡಿಸಿದ್ದರು. ಆಗ ಬಿಚ್ಚಿದ ಅರ್ಥ್ ಪಟ್ಟಿಯನ್ನು ಆ ಬಣ್ಣದ ಮೇಲೆಯೇ ಹೊಸ ಬೋಲ್ಟ್ ಹಾಕಿ ಬಿಗಿದಿದ್ದರು. ಲೋಹಕ್ಕೆ ಲೋಹ ತಾಗುತ್ತಿದ್ದದ್ದು ಬೋಲ್ಟಿನ ಮರೆಯ (ಥ್ರೆಡ್ಡಿನ) ಎರಡು ಮೂರು ಸುತ್ತುಗಳಲ್ಲಿ ಮಾತ್ರ. ಬಣ್ಣ ಕೆರೆದು ಬೆಳ್ಳಗೆ ಮಾಡಿ, ಪಟ್ಟಿಯನ್ನು ಬದಲಿಸಿ, ಇಂಜಿನ್ನಿನಿಂದ ನೇರ ಬ್ಯಾಟರಿ ಮೈನಸ್ಸಿಗೆ 25 ಚದರ ಮಿಲಿಮೀಟರಿನ ಇನ್ನೊಂದು ವೈರ್ ಎಳೆದು, ಪ್ಲಸ್ ಬದಿಯ ವೈರಿನ ತುದಿಯ ಲಗ್ಗನ್ನೂ ಹೊಸದಾಗಿ ಒತ್ತಿದೆ. ಸಾಮಾನಿಗೆ 650, ಕೂಲಿಗೆ 700 ರೂಪಾಯಿ ಆಯಿತು. ಮತ್ತೆ ಅದೇ ಲೋಡಿನಲ್ಲಿ ಅಳೆದಾಗ ಅರ್ಥ್ ಬದಿ 0.05ಕ್ಕೆ, ಪ್ಲಸ್ ಬದಿ 0.15ಕ್ಕೆ ಇಳಿದಿತ್ತು, ಬ್ಯಾಟರಿಯಲ್ಲಿ 13.9 ನಿಂತಿತ್ತು. ವೈರಿಂಗಿನ ಟೇಪು ಬಿಚ್ಚದೆ ಯಾವ ಲಗ್ ಸಡಿಲವಾಗಿದೆ ಎಂದು ನಾನು ಪತ್ತೆ ಮಾಡುವ ರೀತಿಯೊಂದಿದೆ. ಅದನ್ನು ನನ್ನ ಬಳಿ ಕೆಲಸ ಕಲಿತ ಇಬ್ಬರಿಗಷ್ಟೇ ಹೇಳಿಕೊಟ್ಟಿದ್ದೇನೆ, ಇಲ್ಲಿ ಬರೆಯುವುದಿಲ್ಲ.

ಗಾಡಿ ಕೈಯಲ್ಲಿದ್ದಾಗಲೇ ಇನ್ನೆರಡು ಪ್ರಯೋಗ ಮಾಡಿದೆ. ಆಲ್ಟರ್ನೇಟರಿನ ಎ.ಸಿ. (ಪರ್ಯಾಯ) ಕರೆಂಟನ್ನು ಡಿ.ಸಿ. ಮಾಡುವ ಡಯೋಡ್ ಸರಿಯಿದೆಯೇ ಎಂದು ಮೀಟರನ್ನು ಎ.ಸಿ. ವೋಲ್ಟಿಗೆ ತಿರುಗಿಸಿ ಬ್ಯಾಟರಿಗೆ ಹಿಡಿದಾಗ 0.04 ಬಂತು, ಅರ್ಧ ವೋಲ್ಟಿನವರೆಗೆ ಹೋದರೆ ಡಯೋಡ್ ಹೋಗಿದೆ ಎಂದೇ ನನ್ನ ಲೆಕ್ಕ. ಜೊತೆಗೆ ಹಳೆಯ ಟ್ರಾನ್ಸಿಸ್ಟರ್ ರೇಡಿಯೋವನ್ನು ಮೀಡಿಯಂ ವೇವ್‌ನಲ್ಲಿಟ್ಟು ಬಾನೆಟ್ ಬಳಿ ಹಿಡಿದು, ಡಯೋಡ್ ಕೆಟ್ಟ ಇನ್ನೊಂದು ಗಾಡಿಯೊಂದಿಗೆ ಹೋಲಿಸಿದೆ. ಕೆಟ್ಟದ್ದರಲ್ಲಿ ರೇಸ್ ಕೊಟ್ಟ ಹಾಗೆ ಏರುವ ಕೀರಲು ಸದ್ದು ಕೇಳಿಸಿತು. ಆದರೆ ನಮ್ಮ ಗ್ಯಾರೇಜಿನ ಎಲ್‌ಇಡಿ ದೀಪಗಳೂ ಸದ್ದು ಮಾಡುವುದರಿಂದ ಮೀಟರನ್ನೇ ನಂಬುವುದು ಒಳ್ಳೆಯದೆನಿಸಿತು.

ಇಂಜಿನ್ ಓಡುವಾಗ ಬ್ಯಾಟರಿಯ ಟರ್ಮಿನಲ್ ಕಿತ್ತು ಆಲ್ಟರ್ನೇಟರ್ ಪರೀಕ್ಷಿಸುವ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿದೆ. ಹತ್ತು ಹನ್ನೆರಡು ವರ್ಷಗಳ ಹಿಂದೆ ನಾನೂ ಹಾಗೆ ಮಾಡಿ, ಕ್ಷಣದಲ್ಲಿ ಏರಿದ ವೋಲ್ಟೇಜಿಗೆ ಒಂದು ಕಾರಿನ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಟ್ಟು, 14,000 ರೂಪಾಯಿ ಕೈಯಿಂದ ಕಟ್ಟಿದ್ದೇನೆ. ದಯವಿಟ್ಟು ಅದನ್ನು ಯಾರೂ ಮಾಡಬೇಡಿ. ಇಲ್ಲಿ ಹೇಳಿದ 14ರ ಲೆಕ್ಕವನ್ನು ಇಸಿಯು ಹೇಳಿದಂತೆ ಚಾರ್ಜ್ ಮಾಡುವ ಹೊಸ ಕಾರುಗಳಿಗೆ ಹಾಗೆಯೇ ಹಚ್ಚಲೂಬಾರದು, ಅವುಗಳಲ್ಲಿ 12.6 ಕಂಡರೂ ಅದು ದೋಷವಲ್ಲದಿರಬಹುದು.

ಮೂಲೆಗೆ ಹಾಕಿದ್ದ ಮೊದಲ ಬ್ಯಾಟರಿಯನ್ನು ಎರಡು ದಿನ ನಿಧಾನವಾಗಿ ಚಾರ್ಜ್ ಮಾಡಿ, ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿದೆ. ಐದು ಸೆಲ್ಲುಗಳು 1.235 ಆಸುಪಾಸಿಗೆ ಏರಿದವು, ಒಂದು 1.170ರಲ್ಲೇ ನಿಂತಿತು, ಅದನ್ನು ಉಳಿಸಲಾಗಲಿಲ್ಲ. ಎರಡನೆಯದು ಈ ಮಳೆಗಾಲವನ್ನೂ ಅದೇ ಗಾಡಿಯಲ್ಲಿ ಕಳೆದಿದೆ. ಬಝರಿನ ವಾದ ಹೂಡಿದ್ದ ಒಬ್ಬರು ಕಳೆದ ತಿಂಗಳು ಶಾಲೆಯ ವ್ಯಾನೊಂದನ್ನು ನನ್ನ ಬಳಿ ತಂದು, ತಾವೇ ಎಲ್ಲ ಲೋಡ್ ಹಾಕಿ ಅಳೆದರು. ಅರ್ಥ್ ಬದಿ 0.08 ಇತ್ತು, ಪ್ಲಸ್ ಬದಿ 0.7. ಮುಖ್ಯ ಫ್ಯೂಸಿನ ಬೋಲ್ಟ್ ಸಡಿಲವಾಗಿ ಅದರ ಸುತ್ತಲಿನ ಪ್ಲಾಸ್ಟಿಕ್ ಕಂದಾಗಿತ್ತು.