ಕಿಂಡಿ ಅಣೆಕಟ್ಟಿನ ಹಲಗೆ ಮತ್ತು ಹತ್ತುಮೀನು

ಮುಂಗಾರಿನ ಮೊದಲ ದೊಡ್ಡ ಮಳೆಗೆ ತುಂಗೆಯ ಮೀನುಗಳು ಹಳ್ಳ ಹತ್ತಿ ಗದ್ದೆಯವರೆಗೂ ಬಂದು ಮೊಟ್ಟೆಯಿಡುತ್ತವೆ. ತೀರ್ಥಹಳ್ಳಿ ಕಡೆ ಇವನ್ನು ಹತ್ತುಮೀನು ಎನ್ನುತ್ತೇವೆ. ಮಂಡಗದ್ದೆಯ ನಡುಗಡ್ಡೆಗಳಲ್ಲಿ ಮಳೆಗಾಲದಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿ, ನೀರುಕಾಗೆಗಳು ಮರಿಗಳನ್ನು ಸಾಕುವುದೂ ಇಂಥ ಮೀನುಗಳಿಂದಲೇ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಮ್ಮ ಪಂಚಾಯಿತಿಯ ಸಮಿತಿ ಊರಿನ ಜೀವಿಗಳ ಪಟ್ಟಿಯಾದ ಜನತಾ ಜೀವವೈವಿಧ್ಯ ದಾಖಲಾತಿ ಬರೆಯಲು ಕುಳಿತಾಗ ಮರ, ಔಷಧಿ ಗಿಡಗಳ ಪಟ್ಟಿ ಬೇಗ ಬೆಳೆಯಿತು. ಹಳ್ಳದ ಪುಟ ಖಾಲಿ ಉಳಿಯಿತು. ಆ ಪುಟವನ್ನು ನಾನು ವಹಿಸಿಕೊಂಡೆ.

ಮೀನು ಹಿಡಿಯಲು ಕೂಣಿ ಎಂಬ ಬಲೆಬುಟ್ಟಿ ಹಾಕುವವರೇ ನನ್ನ ಗುರುಗಳಾದರು. ಬಿದ್ದ ಮೀನು ಅಡುಗೆಮನೆಗೆ ಹೋಗುವ ಮೊದಲು ಬಿಳಿ ತಟ್ಟೆಯಲ್ಲಿ ಅಡ್ಡ ಮಲಗಿಸಿ, ರೆಕ್ಕೆ ಬಿಡಿಸಿ ಫೋಟೋ ತೆಗೆಯುತ್ತಿದ್ದೆ. ಪಕ್ಕೆ, ಗಿರ್ಲು, ಮುರುಗೋಡು, ಹಾವುಮೀನು ಎಂದು ಅವರು ಹೇಳಿದ ಹೆಸರನ್ನೇ ಮೊದಲು ಬರೆದುಕೊಂಡೆ. ಹೊಟ್ಟೆಯಲ್ಲಿ ಮೊಟ್ಟೆಯಿದೆಯೇ, ಎಲ್ಲಿ ಸಿಕ್ಕಿತು ಎಂಬುದನ್ನೂ ಸೇರಿಸಿದೆ. ಶಾಸ್ತ್ರೀಯ ಹೆಸರುಗಳನ್ನು ಕಾಲೇಜಿನ ಪ್ರಾಣಿಶಾಸ್ತ್ರ ಅಧ್ಯಾಪಕರೊಬ್ಬರು ಆಮೇಲೆ ಗುರುತಿಸಿಕೊಟ್ಟರು. ಮಲೆನಾಡಿನ ಸಣ್ಣ ಹಳ್ಳಗಳನ್ನು ಹಗುರವಾಗಿ ಕಾಣಬಾರದು: ಶರಾವತಿ ಕಣಿವೆಯಿಂದ 2004ರಲ್ಲಿಯೂ ಹೊಸ ಮೀನಿನ ಪ್ರಭೇದವೊಂದು ವಿಜ್ಞಾನಕ್ಕೆ ಪರಿಚಯವಾಯಿತು, ಬಟಾಸಿಯೊ ಶರಾವತಿಯೆನ್ಸಿಸ್ ಎಂಬ ಹೆಸರಿನಲ್ಲಿ.

ಹಳ್ಳದುದ್ದಕ್ಕೂ ನಡೆದು ಬರೆದದ್ದನ್ನು ಊರಿನ ನಕ್ಷೆಯ ಮೇಲೆ ಗುರುತು ಹಾಕಿದಾಗ ಸಂಗತಿ ಕಣ್ಣಿಗೆ ಕಟ್ಟಿತು. ಹಳ್ಳಕ್ಕೆ ಅಡ್ಡ ಕಟ್ಟಿದ ಕಿಂಡಿ ಅಣೆಕಟ್ಟಿನ ಕೆಳಗೆ ಗುರುತುಗಳು ಕಿಕ್ಕಿರಿದಿದ್ದವು, ಮೇಲೆ ಬೆರಳೆಣಿಕೆಯಷ್ಟು. ಬೇಸಿಗೆಗೆ ನೀರು ನಿಲ್ಲಿಸಲು ಕಿಂಡಿಗಳಿಗೆ ಹಾಕಿದ ಹಲಗೆಗಳನ್ನು ಮಳೆ ಹಿಡಿದ ಮೇಲೂ ಯಾರೂ ಎತ್ತುತ್ತಿರಲಿಲ್ಲ. ಜೊತೆಗೆ ಅಣೆಕಟ್ಟಿನ ಬುಡದ ಕಾಂಕ್ರೀಟ್ ಹಾಸಿನ ಅಂಚಿನಲ್ಲಿ ಮಣ್ಣು ಕೊಚ್ಚಿಹೋಗಿ ಮೊಣಕಾಲೆತ್ತರದ ಧುಮುಕು ಉಂಟಾಗಿತ್ತು. ಪಕ್ಕೆಯಂಥ ಸಣ್ಣ ಮೀನಿಗೆ ಅದು ಗೋಡೆಯೇ.

ಹಲಗೆ ಎತ್ತಿಸುವುದು ಸುಲಭವಾಗಿರಲಿಲ್ಲ. ಮಳೆ ಕೈಕೊಟ್ಟರೆ ತೋಟ ಒಣಗುತ್ತದೆ ಎಂಬ ಅಡಿಕೆ ಬೆಳೆಗಾರರ ಭಯ ನ್ಯಾಯವಾದದ್ದು; ನನ್ನದೂ ಅಡಿಕೆ ತೋಟವೇ. ಮಾತುಕತೆಯ ನಂತರ ಒಂದು ಒಪ್ಪಂದಕ್ಕೆ ಬಂದೆವು. ತೋಟಕ್ಕೆ ಪಂಪ್ ನಿಲ್ಲಿಸುವಷ್ಟು ಮಳೆಯಾದ ಕೂಡಲೇ ನಡುವಿನ ಕಿಂಡಿಯ ಹಲಗೆಗಳು ಮೇಲೇಳಬೇಕು, ಹಳ್ಳ ಕೆಂಪಾಗಿ ಹರಿದ ಮೇಲೆ ಉಳಿದವು. ಧುಮುಕು ಇದ್ದ ಜಾಗದಲ್ಲಿ ದೊಡ್ಡ ಕಲ್ಲುಗಳನ್ನು ಇಳಿಜಾರಾಗಿ ಜೋಡಿಸಿದೆವು. ಕಲ್ಲುಗಳ ನಡುವೆ ನೀರಿನ ಸೆಳೆತ ತಗ್ಗಿ ಮೀನಿಗೆ ನಿಂತು ದಣಿವಾರಿಸಿಕೊಳ್ಳಲು ಜಾಗ ಸಿಗುತ್ತದೆ. ಆ ಕಿಂಡಿಯ ಬಾಯಿಗೆ ಕೂಣಿ ಇಡುವುದಿಲ್ಲ ಎಂದು ಹಿಡಿಯುವವರೇ ಮಾತು ಕೊಟ್ಟರು.

ಇನ್ನೊಂದು ವಿಷಯಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತವಿದೆ. ಅದರ ತಾಮ್ರ ಮೀನಿಗೆ, ಕಲ್ಲಿನಡಿಯ ಹುಳುಗಳಿಗೆ ವಿಷ. ಔಷಧಿ ಹೊಡೆಯುವ ಕಾಲವೂ ಮೀನಿನ ಮರಿಗಳ ಕಾಲವೂ ಒಂದೇ. ಡ್ರಮ್ ತೊಳೆಯುವುದನ್ನು ಹಳ್ಳದ ದಂಡೆಯಿಂದ ತೋಟದ ಒಳಗಿನ ಗುಂಡಿಗೆ ಬದಲಾಯಿಸಿದೆವು.

ಈಗ ಅಣೆಕಟ್ಟಿನ ಮೇಲಿನ ಗದ್ದೆಗಳಲ್ಲೂ ಪಕ್ಕೆಯ ಮರಿಗಳು ಸಿಗುತ್ತಿವೆ. ಮುರುಗೋಡು ಇನ್ನೂ ವಿರಳ, ಕಾರಣ ಹುಡುಕುತ್ತಿದ್ದೇನೆ. ಪಕ್ಕದ ಹಳ್ಳಕ್ಕೂ ಹೊಸ ಕಿಂಡಿ ಅಣೆಕಟ್ಟು ಬರಲಿದೆ; ಅದರ ನಕ್ಷೆಯಲ್ಲೇ ಕಲ್ಲಿನ ಇಳಿಜಾರು ಸೇರಿಸಬೇಕೆಂದು ಗ್ರಾಮಸಭೆಯಲ್ಲಿ ಅರ್ಜಿ ಕೊಟ್ಟಿದ್ದೇವೆ.